ಇತರೆ, ವಿವರಿಸಿ

ಹೊಸದಾಗಿ ಸೇರಿದ ಮುಬೀನಾ ನಾಲ್ಕು ಹಾಳೆ ಕೊಟ್ಟಳು
ಹೇಮಗಂಗೋತ್ರಿಯ ಕ್ಯಾಂಟೀನಿನಲ್ಲಿ, ಟೀ ಆರುವ ಮುನ್ನ:
"ಪಿಎಚ್.ಡಿ. ಬಿಡದೆ ಮುಂದುವರಿಸಲು
ನಿಮ್ಮನ್ನು ಪ್ರೇರೇಪಿಸುವುದೇನು?
ಚೌಕಕ್ಕೆ ಗುರುತು ಹಾಕಿ ಮೇಡಂ,
ಆರನೇ ವರ್ಷದವರು ಸಿಗೋದೇ ಕಷ್ಟ."

ಸಿಗೋದೇ ಕಷ್ಟ. ನಿಜ.
ನನ್ನ ಜೊತೆ ಸೇರಿದವರಲ್ಲಿ
ದ್ಯಾವಪ್ಪಗೌಡರು ಬಿಇಒ ಆಗಿ ಹೋದರು,
ಕಮಲಾಕ್ಷಿಗೆ ಅವಳಿ ಮಕ್ಕಳು,
ಉಳಿದವರು "ಈ ತಿಂಗಳು ಕಳಿಸ್ತೀನಿ ಸಾರ್"
ಎಂಬ ಮಾತಿನಲ್ಲೇ ಕರಗಿಹೋದರು.

ಜ್ಞಾನದಾಹ: ಸಂಪೂರ್ಣ ಒಪ್ಪುತ್ತೇನೆ
ಎಂದೇ ಬರೆಯಬೇಕು, ಎಲ್ಲರೂ ಬರೆಯುತ್ತಾರೆ.
ಬಡ್ತಿ: ಹೌದು, ಸುಳ್ಳೇಕೆ.
ಮಾರ್ಗದರ್ಶಕರ ಬೆಂಬಲ: ನಮ್ಮ ಸಾರ್ ಒಳ್ಳೆಯವರು,
ನನ್ನ ಎರಡನೇ ಅಧ್ಯಾಯ ಅವರ ಕಾರಿನ ಡಿಕ್ಕಿಯಲ್ಲಿ
ಒಂದೂವರೆ ವರ್ಷ ಊರೂರು ಸುತ್ತಿತು.
ಕುಟುಂಬದ ಪ್ರೋತ್ಸಾಹ: ಪ್ರತಿ ಗೌರಿಹಬ್ಬಕ್ಕೂ ನಾದಿನಿ
"ಇನ್ನೂ ಓದ್ತಾನೇ ಇದ್ದೀರಾ ಅತ್ತಿಗೆ?" ಅನ್ನುತ್ತಾಳೆ.
ಆ "ಇನ್ನೂ" ಒಂದರ ಸಿಟ್ಟಿಗೇ
ಮೂರನೇ ಅಧ್ಯಾಯ ಮುಗಿಸಿದ್ದು ನಾನು.
ಅದಕ್ಕೆ ನಿನ್ನಲ್ಲಿ ಚೌಕವಿಲ್ಲ.

ಕೊನೆಗೆ: ಇತರೆ, ವಿವರಿಸಿ.
ಎರಡು ಗೆರೆ ಜಾಗ ಬಿಟ್ಟಿದ್ದೀಯ.

ನನ್ನ ವಿಷಯ ನಿನಗೆ ಗೊತ್ತಲ್ಲ,
ದುದ್ದ ಹೋಬಳಿಯಲ್ಲಿ ಶಾಲೆ ಬಿಟ್ಟ ಮಕ್ಕಳು.
ಹಾಜರಿ ಪುಸ್ತಕ ತೆರೆದರೆ, ಆಲೂಗಡ್ಡೆ ಕೀಳುವ ವಾರ
ಗೈರಿನ ಗುರುತುಗಳು ಸಾಲು ಹಿಡಿದು ಬರುತ್ತವೆ,
ಕೆಲವು ಹೆಸರು ದಸರಾ ರಜೆ ಮುಗಿದರೂ ಮರಳುವುದಿಲ್ಲ.
ಬಿಟ್ಟವರನ್ನು ಹುಡುಕಿಕೊಂಡು ಹೋದ ನನಗೇ
ಬಿಟ್ಟುಬಿಡೋಣ ಅನ್ನಿಸಿದ್ದಕ್ಕೆ ಲೆಕ್ಕವಿಲ್ಲ:
ಥೈರಾಯ್ಡ್ ಆಪರೇಷನ್ನಾದ ವರ್ಷ,
ತುಂಬಿಸಿ ತಂದ ನೂರಿಪ್ಪತ್ತು ಪ್ರಶ್ನಾವಳಿ
ಸ್ಟಾಫ್ ರೂಮಿನ ಬೀರುವಿನಲ್ಲಿ ಗೆದ್ದಲು ತಿಂದ ಶ್ರಾವಣ.

ನಾಲ್ಕನೇ ವರ್ಷ ನಿಶ್ಚಯವೇ ಆಗಿತ್ತು.
ಅರ್ಜಿ ಬರೆದು ಬ್ಯಾಗಿನಲ್ಲಿಟ್ಟಿದ್ದೆ.
ಒಂದು ಸಂದರ್ಶನ ಬಾಕಿ, ಕೊಟ್ಟ ಮಾತಿಗೆ ಹೋದೆ.
ಹೊಲದ ಬದುವಿನ ಮೇಲೆ ಕೂತಿದ್ದ ಹುಡುಗಿ, ಹದಿನಾಲ್ಕಿರಬೇಕು,
ಗಡ್ಡೆಗಳನ್ನು ದಪ್ಪ, ಮಧ್ಯಮ, ಗೋಲಿ ಎಂದು
ವಿಂಗಡಿಸುತ್ತಲೇ ಉತ್ತರ ಹೇಳಿದಳು.
ನಾನು ಕೇಳಿದ್ದು ಇಪ್ಪತ್ತೆರಡು ಪ್ರಶ್ನೆ. ಅವಳು ಎರಡು:
"ಇದು ಪುಸ್ತಕ ಆಯ್ತದಾ ಮಿಸ್?
ನನ್ನ ಹೆಸರು ಇರ್ತದಾ?"

ಇರುವುದಿಲ್ಲ. ನಿಯಮ.
ಅವಳು ವಿ-೪೧. ಹಾಗೆಂದೇ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ನಲವತ್ತೊಂದು ಅಂದ್ರೆ ನಾನೇ ಅಂತ
ನಿಮಗೆ ಗೊತ್ತಿರ್ತದಲ್ಲ, ಬಿಡಿ"
ಅಂದು ಗೋಲಿಗಳನ್ನೆಲ್ಲ ಬೇರೆ ಚೀಲಕ್ಕೆ ಸುರಿದಳು.

ಬಸ್ಸಿನಲ್ಲಿ ಚಿಲ್ಲರೆಗೆ ಬ್ಯಾಗು ತಡಕಿದಾಗ
ಅರ್ಜಿ ಸಿಕ್ಕಿತು.
ಹರಿದು ಹಾಕಲಿಲ್ಲ, ಸಿನಿಮಾ ಅಲ್ಲವಲ್ಲ ಇದು.
ಬೇರೆ ಹಾಳೆಯಿರಲಿಲ್ಲ, ಅದರ ಬೆನ್ನಿಗೇ
ಅವಳಂದದ್ದು ಮರೆಯುವ ಮುಂಚೆ ಗೀಚಿಕೊಂಡೆ.
ಈಗಲೂ ಫೈಲಿನಲ್ಲಿದೆ, ಒಂದು ಮಗ್ಗುಲಿಗೆ ವಿ-೪೧,
ಇನ್ನೊಂದಕ್ಕೆ "ವೈಯಕ್ತಿಕ ಕಾರಣಗಳಿಂದ
ಸಂಶೋಧನೆ ಮುಂದುವರಿಸಲು ಸಾಧ್ಯವಾಗದೆ".

ನಾನು ನಿಂತರೆ ಆ ಹುಡುಗಿ
ಎರಡನೇ ಸಲ ಶಾಲೆ ಬಿಟ್ಟಂತೆ...
ಇದನ್ನು ಬರೆದುಕೊಳ್ಳಬೇಡ ಮುಬೀನಾ, ಭಾರ ಆಯಿತು.
ಅವಳಿಗೆ ನನ್ನ ನೆನಪೂ ಇರಲಾರದು,
ಹಾಸನದ ಗಾರ್ಮೆಂಟ್ಸಿಗೆ ಬರುತ್ತಾಳಂತೆ, ಏಳರ ಬಸ್ಸಿಗೆ.
ನನಗೂ ಬೆಳಿಗ್ಗೆ ಎದ್ದರೆ ನೆನಪಾಗುವುದು
ಫೀಸು ಕಟ್ಟುವ ಕೊನೆಯ ದಿನಾಂಕ.
ರಾತ್ರಿ ಮಾತ್ರ, ಎಲ್ಲರೂ ಮಲಗಿದ ಮೇಲೆ,
ಕೋಷ್ಟಕ ೪.೭ರ ಶೇಕಡಾವಾರು ಕೂಡುವಾಗ
ಒಂದು ಅಂಕಿ ತಲೆಯೆತ್ತಿ ನೋಡುತ್ತದೆ,
ಕೈಯ ಮಣ್ಣು ಲಂಗಕ್ಕೆ ಒರೆಸುತ್ತಾ.

ಎರಡು ಗೆರೆ ದಾಟಿತಾ?
ಪೆನ್ನು ಕೊಡು, "ಹಠ" ಅಂತ ಬರೆಯುತ್ತೇನೆ.
ಟೀ ಆರಿಹೋಯಿತು. ಇನ್ನೊಂದು ಹೇಳು.