ತಲೆ ಎಣಿಸುವವನು

ಹದಿನೇಳು ವರ್ಷ ನನ್ನ ಕೆಲಸ ಇಷ್ಟೇ:
ಕಿತ್ತಳೆ ಬಣ್ಣದ ಬಾವುಟ ಎತ್ತಿ ಹಿಡಿದು ಮುಂದೆ ನಡೆಯುವುದು,
ಬಸ್ಸು ಹತ್ತಿದ ಮೇಲೆ ತಲೆ ಎಣಿಸುವುದು.
ದುರ್ಗದ ಗಾಂಧಿ ಸರ್ಕಲ್ಲಿನಲ್ಲಿ, ಮಹಡಿಯ ಮೇಲೆ ನಮ್ಮ ಆಫೀಸು.
ಗೋಡೆಗೆ ಬುದ್ಧ, ಅವನ ಕೆಳಗೆ ದರಪಟ್ಟಿ:
ಹದಿನಾಲ್ಕು ದಿನ, ಮೂರು ದೇಶ, ಮಧ್ಯಾಹ್ನಕ್ಕೆ ಅನ್ನ ಸಾರು ಗ್ಯಾರಂಟಿ.

ಈ ಸಲ ಮೂವತ್ತೆರಡು ಜನ.
ಮೂವತ್ತೆರಡನೆಯವಳು ಸಿದ್ದಾಪುರದ ಸಣ್ಣಪಾಲಕ್ಕ,
ಮೊಳಕಾಲ್ಮೂರಿನ ಹಾಸ್ಟೆಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮುದ್ದೆ ತಿರುವಿ
ನಿವೃತ್ತಿಯ ದುಡ್ಡು ಕೈಗೆ ಬಂದದ್ದೇ
ಮಗಳಿಗೂ ಹೇಳದೆ ಮುಂಗಡ ಕಟ್ಟಿದವಳು.
ಏರ್‌ಪೋರ್ಟಿನ ಫಾರ್ಮು ನಾನೇ ತುಂಬಿದೆ. ಸಹಿ ಮಾತ್ರ ಅವಳದು.
ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು.
ಇನ್ನೊಂದು ಫಾರ್ಮು ಕೇಳಿ ತಂದೆ, ಗೊಣಗುತ್ತ.

ಅನುರಾಧಪುರದಲ್ಲಿ ನಾನು ಮೈಕು ಹಿಡಿದು
ಎರಡು ಸಾವಿರ ಚಿಲ್ಲರೆ ವರ್ಷದ ಬೋಧಿವೃಕ್ಷ ಅಂದರೆ
‘ಅರಳೀಮರ ಕಣಪ್ಪಾ’ ಅಂದಳು,
ಬಿದ್ದ ಎಲೆ ಆರಿಸಿ ಕುಪ್ಪಸದೊಳಗಿಟ್ಟಳು.
ಪಾರೋದಲ್ಲಿ ಸಾಲು ಸಾಲು ಮಂತ್ರಚಕ್ರ.
ಉಳಿದವರು ಬೆರಳ ತುದಿ ಸೋಕಿಸಿ ಫೋಟೊ ತೆಗೆಸಿಕೊಂಡರು,
ಇವಳು ಸೆರಗು ಸಿಕ್ಕಿಸಿ, ರಾಗಿಕಲ್ಲು ಬೀಸುವ ಬಿರುಸಿನಲ್ಲಿ
ಅಷ್ಟನ್ನೂ ತಿರುಗಿಸಿದಳು;
ಎಳೆಯ ಭಿಕ್ಕುವೊಬ್ಬ ನಕ್ಕು ಪಕ್ಕಕ್ಕೆ ಸರಿದ.

ಲುಂಬಿನಿಯಲ್ಲಿ ಎಣಿಸಿದರೆ ಮೂವತ್ತೊಂದು.
ಮತ್ತೆ ಎಣಿಸಿದೆ. ಮೂವತ್ತೊಂದೇ.
ಕಂಬದ ಬೇಲಿಗೆ ಹಣೆ ಹಚ್ಚಿ ನಿಂತಿದ್ದಳು.
‘ಇವು ನಮ್ಮವು’ ಅಂದಳು.
‘ಅಕ್ಕಾ, ಬಸ್ಸು...’
‘ಈ ಕೂಡೋ ಗುರುತು, ಈ ಗುಡಿಸಲ ಚಾವಣಿ, ಈ ದುಂಡು,
ಎಲ್ಲಾ ನಮ್ಮ ಅಕ್ಷರಗುಂಡಿನ ಮ್ಯಾಲೆ ಅದಾವೆ. ಕುರಿ ಮೇಯಾಕೆ ಬಿಟ್ಟು
ಇವುಗಳ ಮ್ಯಾಲೆ ಬೆರಳಾಡಿಸಿ ಬೆಳೆದೋಳು ನಾನು.
ಎಮ್ಮೆ ಈದು ಸೊರಗಿದರೆ ಗುಂಡು ತೊಳೆದ ನೀರು ಕುಡಿಸ್ತಿದ್ವಿ.
ಏನು ಬರೆದೈತೆ ಅಂತ ಯಾರೂ ಹೇಳಲಿಲ್ಲ.
ನೀನು ಹೇಳು.’

ಮೈಕು ನನ್ನ ಕೈಯಲ್ಲೇ ಇತ್ತು.
ಕಂಬದ್ದು ನನಗೆ ಬಾಯಿಪಾಠ: ಇಲ್ಲಿ ಹುಟ್ಟಿದ,
ಆದ್ದರಿಂದ ಈ ಊರಿಗೆ ಕಂದಾಯ ಕಡಿಮೆ.
ಗುಂಡಿನದ್ದು ಗೊತ್ತಿರಲಿಲ್ಲ.
ನಮ್ಮ ಆಫೀಸಿನಿಂದ ಎರಡು ತಾಸಿನ ದಾರಿ.

ಅದಕ್ಕೇ ಈ ಭಾನುವಾರ, ಬಾವುಟವಿಲ್ಲದೆ,
ಕೆಂಪು ಬಸ್ಸಿಳಿದು ಬ್ರಹ್ಮಗಿರಿಯ ಬುಡಕ್ಕೆ ಅವಳ ಹಿಂದೆ ನಡೆಯುತ್ತೇನೆ.
ಅವಳ ಕಾಲು ಚುರುಕು. ನಡುನಡುವೆ ತಿರುಗಿ ‘ಬಂದ್ಯೇನಪ್ಪಾ?’ ಎನ್ನುತ್ತಾಳೆ,
ಇರುವುದು ಒಂದೇ ತಲೆ, ಅದನ್ನೂ ಎಣಿಸುತ್ತಾಳೆ.
ಕಾವಲುಗಾರ ಬೀಗ ತೆಗೆದ.
ಒಳಗೆ ಬಂಡೆ. ಆನೆ ಮಲಗಿದ ಹಾಗಲ್ಲ,
ಯಾವುದರ ಹಾಗೂ ಅಲ್ಲ. ಬಂಡೆ.

ಓದಿಕೊಂಡು ಬಂದಿದ್ದೆ. ಚೀಟಿ ಬಿಚ್ಚಿದೆ:
‘ಸುವರ್ಣಗಿರಿಯಿಂದ, ಇಸಿಲದ ಅಧಿಕಾರಿಗಳಿಗೆ.
ಮೊದಲು ಅವರ ಕ್ಷೇಮ ಕೇಳತಕ್ಕದ್ದು.’
‘ಆಮ್ಯಾಲೆ?’
‘ತಾಯಿ ತಂದೆಯ ಮಾತು ಕೇಳಬೇಕು. ಜೀವದ ಮೇಲೆ ದಯೆ. ನಿಜ ಹೇಳಬೇಕು.’
‘ಅದು ಗೊತ್ತಿರೋದೇ. ಮೊದಲಿಂದು ಇನ್ನೊಂದ್ಸಲ ಓದು.’
ಓದಿದೆ.
ಅವಳು ಬಂಡೆಯ ಕಡೆ ತಿರುಗಿದಳು.
‘ಚೆನ್ನಾಗಿದೀವಿ’ ಅಂದಳು. ಸ್ವಲ್ಪ ತಡೆದು, ‘ಎಮ್ಮೆಗಳೂ.’

ಕೊನೆಯಲ್ಲಿ ಬರೆದವನ ಗುರುತಿದೆ, ಬೇರೆಯೇ ಲಿಪಿಯಲ್ಲಿ,
ಬಲದಿಂದ ಎಡಕ್ಕೆ, ದೂರದ ವಾಯವ್ಯ ದೇಶದ ಕೈಬರಹ.
ಅವನನ್ನು ಯಾರು ಕರೆತಂದರೋ,
ಹೊರಡುವಾಗ ಯಾರಾದರೂ ಎಣಿಸಿದರೋ ಇಲ್ಲವೋ.

ಬರುವಾಗ ಕಾವಲುಗಾರ ರಿಜಿಸ್ಟರು ಚಾಚಿದ.
ಎಲ್ಲಿಂದ ಬಂದಿರಿ ಎನ್ನುವ ಕಾಲಮ್ಮಿನಲ್ಲಿ ನನ್ನ ಪೆನ್ನು ನಿಂತಿತು.
ದುರ್ಗ, ಎಂದು ಬರೆದೆ, ಸಣ್ಣ ಅಕ್ಷರದಲ್ಲಿ.
ಪಾಲಕ್ಕ ಕೂತಳು. ಸೆರಗಿನಿಂದ ಕೈ ಒರೆಸಿಕೊಂಡು
ಒಂದೊಂದೇ ಅಕ್ಷರ ಒತ್ತಿದಳು,
ಕೆಳಗಿನ ಮೂರು ಹಾಳೆಗೂ ಹೆಸರು ಇಳಿಯಿತು.
ಮುಂದಿನ ವಾರ ಬರುವವರು
ಆ ತಗ್ಗುಗಳ ಮೇಲೆಯೇ ತಮ್ಮ ಊರು ಬರೆಯುತ್ತಾರೆ.