ಎರಡು ಗೀಟು

ರುಸ್ತಾವಿಯ ಉಕ್ಕಿನ ಕಾರ್ಖಾನೆ ಅವಳನ್ನು ಎಂದೋ ಮನೆಗೆ ಕಳಿಸಿತು,
ನಮ್ಮ ಕಟ್ಟಡಕ್ಕೆ ಮಾತ್ರ ತ್ಸಿಯಾಲಾ ಇನ್ನೂ ನರ್ಸು.
ಲಿಫ್ಟು ಕೆಟ್ಟಿತ್ತು, ಎಂದಿನಂತೆ.
ಸೊಂಟ ನನ್ನನ್ನು ಹಿಡಿದಿತ್ತು, ನಾನು ಗೋಡೆ ಹಿಡಿದಿದ್ದೆ,
ಕಂಕುಳಲ್ಲಿ ಹತ್ತು ಆಂಪೂಲಿನ ಡಬ್ಬಿ.

"ಅವ್ತಾಂದಿಲ್, ಹೃದಯದ ಮಾತ್ರೆ ತಗೋತೀಯಾ?"
ಇಲ್ಲ.
"ಮಲ ಕಪ್ಪಗಿದೆಯಾ?"
ಥೂ, ಎಂದೆ.
"ಥೂ ಅಲ್ಲ. ಹೌದೋ, ಅಲ್ಲವೋ?"

ಆಂಪೂಲಿನ ಕುತ್ತಿಗೆ ಟಕ್ಕೆಂದು ಮುರಿಯಿತು.
ನನ್ನ ಕುಂಡೆಯನ್ನು ಬೆರಳಲ್ಲೇ ನಾಲ್ಕು ಪಾಲು ಮಾಡಿದಳು,
ಅಣ್ಣತಮ್ಮಂದಿರಿಗೆ ಹೊಲ ಹಂಚುವವಳಂತೆ;
ಮೇಲಿನ ಹೊರಮೂಲೆಯಷ್ಟೇ ಸೂಜಿಯ ಪಾಲಿಗೆ.
ನಿನ್ನೆ ಎಡ, ಇವತ್ತು ಬಲ.
ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಎರಡನೆಯ ಗೀಟು.

ಮೂರನೆಯ ದಿನ ಬಾಗಿಲು ತೆರೆಯಲಿಲ್ಲ.
"ಇನ್ನೂ ಎಂಟಿವೆ, ದುಡ್ಡು ಕೊಟ್ಟಿದ್ದೇನೆ!"
ಒಳಗಿನಿಂದಲೇ ಅಂದಳು:
"ಅಂಗಡಿಗೆ ಕೊಟ್ಟೆ. ಮೂತ್ರಪಿಂಡ
ಆ ಅಂಗಡಿಯಲ್ಲಿ ಸಿಗುತ್ತದಾ? ಡಾಕ್ಟರ ಹತ್ತಿರ ಹೋಗು."

ಬಯ್ಯುತ್ತ ಇಳಿದೆ.
ಜೇಬಿನಲ್ಲಿ ಎಂಟು ಗಾಜು ಕಿಣಿಕಿಣಿ.
ಎರಡನೆಯ ಮಹಡಿಯ ತಿರುವಿನಲ್ಲಿ ಕಾಲು ನಿಂತಿತು:

ಅವಳ ಗಂಡ ತೆಂಗಿಜ್‌ಗೆ, ಆ ಚಳಿಗಾಲ,
ಹದಿನೈದು ದಿನ ಬಿಡದೆ ಚುಚ್ಚಿದ ಕೈ ಯಾರದೆಂದು
ಈ ಮೆಟ್ಟಿಲ ಮೇಲೆ
ಯಾರೂ ಕೇಳುವುದಿಲ್ಲ.