ಉಳಿದ ಐದು ನಿಮಿಷ

ಮಂಡಿಪೇಟೆಯಲ್ಲಿ ಮೆಟ್ಟಿಲ ಕೆಳಗೊಂದು ಅಂಗಡಿ ನನ್ನದು,
ಹಳೆ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸುವ ಕೆಲಸ.
ಮಧ್ಯಾಹ್ನ ಹೋದ ಕರೆಂಟು ಆಗಷ್ಟೇ ಬಂದಿತ್ತು.
ಭಟ್ಟಿ ಲೇಔಟಿನ ಚಮನ್‌ಬಿ
ಚೀಲದಿಂದ ಮದುವೆಯ ಕ್ಯಾಸೆಟ್ಟು ತೆಗೆದಳು:
ಮೂರು ತಾಸು ನಲವತ್ತು ನಿಮಿಷ,
ಡಬ್ಬಿಯ ಮೂಲೆಯಲ್ಲಿ ಎರಡು ಮಂಡಕ್ಕಿ ಕಾಳು.

"ಒಂದೇ ಡಿಸ್ಕಿಗೆ ಹಿಡಿಸ್ರಿ.
ಎರಡು ಮಾಡಿದ್ರ ತಮ್ಮ ಒಂದು ಒಯ್ತಾನ.
ಭಟ್ಟಿ ಪಾಲಾಗಿದ್ದೂ ಹಿಂಗ."

ನಾನು ಎಲ್ಲರಿಗೂ ಹೇಳುವ ಪಾಠ ತೆಗೆದೆ.
ಒಂದು ತಾಸಿನ ಮೋಡಿನಲ್ಲಿ ಚಿತ್ರ ಕನ್ನಡಿ,
ಎರಡು ತಾಸಿಗೆ ಪರವಾಗಿಲ್ಲ,
ಆರು ತಾಸಿಗೆ ಎಳೆದರೆ, ಅಮ್ಮಾ,
ಅದೇ ಡಿಸ್ಕು, ಅದೇ ಜಾಗ, ಆದರೆ...

ಪಾಠ ಮುಗಿಯಲು ಬಿಡಲಿಲ್ಲ.
"ಗೊತ್ತಾತು ಬಿಡ್ರಿ. ಸೇರು ಅಕ್ಕಿ ಅರಳಿಸಿದ್ರ ಚೀಲ ತುಂಬತೈತಿ,
ತಕ್ಕಡೀಗಿಟ್ರ ತೂಕ ಏರಂಗಿಲ್ಲ."

ಹನ್ನೆರಡು ವರ್ಷ ಈ ಮೆಷಿನ್ನು ನಡೆಸಿದ್ದೇನೆ.
ಕಂಪನಿಯ ಪುಸ್ತಕದಲ್ಲಿ ಇಷ್ಟು ಸಲೀಸಾಗಿ ಬರೆದಿರಲಿಲ್ಲ.

ಆರು ತಾಸಿನಲ್ಲಿ ಹತ್ತು ನಿಮಿಷ ಹಾಕಿ ನೋಡಿದೆವು.
ಮೂಟೆಯ ಮೇಲೆ ಕೂತ ಅಜ್ಜಿ ಅಲ್ಲಾಡಲಿಲ್ಲ,
ಮೂಗುತಿಯ ಹರಳೂ ಎಣಿಸಬಹುದಿತ್ತು.
ಆಮೇಲೆ ಭಟ್ಟಿ ಬಂತು.
ವರನ ಲಾರಿ ಹರಿಹರದ ಹತ್ತಿರ ಕೆಟ್ಟು ನಿಂತಿತ್ತಂತೆ,
ಹೊತ್ತು ಹೋಗದ ಕ್ಯಾಮೆರಾದವನು
ಹನ್ನೊಂದು ನಿಮಿಷ ಅಲ್ಲೇ ನಿಂತಿದ್ದ.
ಅವಳಪ್ಪ ಜರಡಿ ಎತ್ತಿ ಕೊಡವುತ್ತಾನೆ,
ಕಾದ ಮರಳಿನಿಂದ ಬಿಳಿ ಎದ್ದು ಹಾರುತ್ತದೆ,
ಅಷ್ಟರಲ್ಲಿ
ಬೆಂಕಿ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯಿತು,
ಹಾರಿದ ಕಾಳು ಸಕ್ಕರೆ ಅಚ್ಚಾದವು,
ಅಪ್ಪನ ಮುಖ ನಾಲ್ಕು ಚೌಕ.

ಮೆಷಿನ್ನಿನ ಲೆಕ್ಕವೇ ಹಾಗೆ ಎಂದೆ,
ಸುಮ್ಮನೆ ಕೂತವರಿಗೆ ಸ್ವಲ್ಪ ಜಾಗ ಸಾಕು.
ಕೈ ಆಡಿಸುವವರಿಗೆ ಎಷ್ಟು ಕೊಟ್ಟರೂ ಸಾಲದು.

ಅವಳು ಬಹಳ ಹೊತ್ತು ಪರದೆ ನೋಡಿದಳು.
ಹೂವಿನ ಸೆಹರಾದೊಳಗೆ ತಲೆ ತಗ್ಗಿಸಿದ ಹದಿನೆಂಟರ ಹುಡುಗಿ
ತಾಸುಗಟ್ಟಲೆ ಅಲ್ಲಾಡುವುದಿಲ್ಲ.
"ನನ್ನ ಆರು ತಾಸಿನಾಗ ಹಾಕ್ರಿ.
ನಮ್ಮನಿಯವರ್ನೂ. ಅವರು ಅವತ್ತೂ ಅಲ್ಲಾಡಲಿಲ್ಲ, ಆಮ್ಯಾಲೂ ಇಲ್ಲ."

ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ.
ಭಟ್ಟಿ ಹನ್ನೊಂದು ನಿಮಿಷ, ಒಂದು ತಾಸಿನ ಮೋಡು.
ದಸ್ತರಖಾನಿನ ಸುತ್ತ ಓಡುವ ಹುಡುಗರು, ಬಡಿಸುವವರು,
ನಲವತ್ತು ನಿಮಿಷ, ಎರಡು ತಾಸಿನದು.
ನಿಕಾಹ್, ಮುಯ್ಯಿ, ಪಾತ್ರೆಯ ಪಟ್ಟಿ, ಬೀಗರ ಸಾಲು
ಎಲ್ಲ ಆರರಲ್ಲಿ.

ಅಪ್ಪನ ಭಾಗಕ್ಕೆ ಉಸಿರು ಹಿಡಿದು ಕೂತೆವು.
ಒಳ್ಳೆಯ ಮೋಡು ಇಲ್ಲದ್ದನ್ನೇನೂ ತರುವುದಿಲ್ಲ,
ಕ್ಯಾಸೆಟ್ಟಿನ ಹಳೇ ಗೀರು, ಉದುರುವ ಚುಕ್ಕಿ
ಅವನ್ನೂ ಶ್ರದ್ಧೆಯಿಂದ ಬರೆದುಕೊಂಡಿತು.
ಯಾವುದು ಚುಕ್ಕಿ ಯಾವುದು ಮಂಡಕ್ಕಿ
ಅವಳು ತಿಳಿದಿದ್ದಳು.

ಡಿಸ್ಕಿನ ಮೇಲೆ "ಮದುವೆ" ಎಂದು ಬರೆಯಹೋದೆ.
ತಡೆದು "ಭಟ್ಟಿ" ಅಂತ ಬರೆಸಿದಳು.

ಮುಚ್ಚುವ ಮೊದಲು ಮೆಷಿನ್ನು ತೋರಿಸಿತು, ಇನ್ನೂ ಜಾಗವಿದೆ:
ಆರು ತಾಸಿನ ಲೆಕ್ಕದಲ್ಲಿ ಐದು ನಿಮಿಷ,
ಒಂದು ತಾಸಿನ ಲೆಕ್ಕದಲ್ಲಿ ಐವತ್ತು ಸೆಕೆಂಡು.
ಏನಾದರೂ ಹಾಕಲೇ?

"ಇರ್ಲಿ ಬಿಡ್ರಿ," ಎಂದಳು, ದುಡ್ಡು ಎಣಿಸುತ್ತ,
"ಚೀಲದ ಬಾಯಿ ಕಟ್ಟಾಕ ಒಂದೀಟು ಜಾಗ ಬೇಕು."